ಅಮ್ಮ ಉಂಡ ಬೆರಕೆ ಸೊಪ್ಪು

"ಶಾಮಲಮ್ಮ ಅವರ ಮನೆ ಇದೇನಾ? ಅವರನ್ನ ಸ್ವಲ್ಪ ಕರೀತೀರಾ?"

ಬಾಗಿಲಲ್ಲಿ ನಿಂತವನ ಕೊರಳಲ್ಲಿ ಬೆಂಗಳೂರಿನ ಹೃದಯದ ಆಸ್ಪತ್ರೆಯ ಗುರುತಿನ ಚೀಟಿ ನೇತಾಡುತ್ತಿತ್ತು. ಅದನ್ನು ಕಂಡದ್ದೇ ತಡ, ಗಂಗಾಲಕ್ಷ್ಮಿಯ ಮೈಯೆಲ್ಲ ಉರಿದುಹೋಯಿತು.

"ಬನ್ನಿ ಒಳಗೆ," ಎಂದಳು.

ಅವನು ಶೂ ಬಿಚ್ಚಿಟ್ಟು ಒಳಗೆ ಬಂದ. ಅವಳು ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಕುಂಕುಮ ಇಟ್ಟ ಒಂದು ಫೋಟೋ, ಅದರ ಮೇಲೆ ಬಣ್ಣ ಮಾಸಿದ ಪ್ಲಾಸ್ಟಿಕ್ ಹಾರ.

"ಅಲ್ಲಿದ್ದಾರೆ ನಮ್ಮಮ್ಮ. ಅದೇನ್ ಕೇಳ್ಬೇಕೋ ಕೇಳ್ಕೊಳಿ!"

ಅವನ ಮುಖ ಕಪ್ಪಿಟ್ಟಿತು.

"ಕ್ಷಮಿಸಿ... ನಮಗೆ ಗೊತ್ತಾಗ್ಲೇ ಇಲ್ಲ. ಆಸ್ಪತ್ರೆ ಲೆಕ್ಕದಲ್ಲಿ ಅವ್ರು ಇವತ್ತಿಗೂ ಚೆನ್ನಾಗಿದ್ದಾರೆ."

"ಭಲೇ! ನಿಮ್ಮ ಲೆಕ್ಕದಲ್ಲಾದ್ರೂ ಬದುಕಿದ್ದಾಳಲ್ಲ, ಅಷ್ಟೇ ಸಾಕು ಬಿಡಿ ಸಾರ್!"

ಬೇರೆಯವನಾಗಿದ್ದರೆ ಬಂದ ದಾರಿ ಹಿಡಿಯುತ್ತಿದ್ದ. ಇವನು ಫೋಟೋಗೆ ಕೈ ಮುಗಿದು, ನೆಲದ ಮೇಲೆ ಕುಳಿತುಬಿಟ್ಟ.

ಹೆಸರು ಅಮರನಾಥ್, ಮಾಸ್ತಿ ಕಡೆಯವನು. ಡಾಕ್ಟರ್ ಹೌದು, ಆದರೆ ಆಪರೇಷನ್ ಮಾಡುವವನಲ್ಲ. ಹೃದಯದ ಕವಾಟ ಬದಲಿಸಿಕೊಂಡವರು ಮನೆಗೆ ಹೋದ ಮೇಲೆ ಹೇಗಿದ್ದಾರೆ ಎಂದು ಊರೂರು ಸುತ್ತಿ ನೋಡುವುದು ಅವನ ಸಂಶೋಧನೆ.

"ಆಪರೇಷನ್ ಸಕ್ಸಸ್ ಅಂತ ಹೇಳಿ ಕಳಿಸ್ಬಿಡ್ತೀವಿ. ಆಮೇಲೆ ಏನಾಯ್ತು ಅಂತ ಯಾರೂ ಬಂದು ನೋಡಲ್ಲ. ನಿಮ್ಮ ಕೋಪ ನ್ಯಾಯವಾಗಿದೆ... ಅವ್ರು ಹೇಗಿದ್ರು ಅಂತ ಹೇಳ್ತೀರಾ?"

'ಹೇಗಿದ್ರು?' ಅಮ್ಮ ಹೋದ ಮೇಲೆ ಈ ಮಾತನ್ನು ಇಷ್ಟು ಮೆತ್ತಗೆ ಯಾರೂ ಕೇಳಿರಲಿಲ್ಲ. ಗಂಗಾಳ ಕೋಪ ಅಲ್ಲೇ ಅರ್ಧ ಇಳಿದುಹೋಯಿತು.

"ಎದೆಯೊಳಗೆ ಟಿಕ್ ಟಿಕ್ ಅಂತಿತ್ತು ಸಾರ್, ಗೋಡೆ ಗಡಿಯಾರದ ಥರ. ಪಕ್ಕದಲ್ಲಿ ಕೂತ್ರೆ ನನಗೂ ಕೇಳಿಸೋದು. ಅಪ್ಪ ಅಂತೂ ಆ ಸದ್ದು ಕೇಳ್ದೆ ಇದ್ರೆ ನಿದ್ದೆನೇ ಮಾಡ್ತಿರ್ಲಿಲ್ಲ."

"ಕೊನೆ ದಿನಗಳಲ್ಲಿ ಊಟ ಮಾಡ್ತಿದ್ರಾ?"

ಅವಳ ಮುಖ ಅರಳಿತು. ಅಯ್ಯೋ, ಎಂಥ ಹೊತ್ತಿನಲ್ಲಿ ಅರಳಿತು ನೋಡಿ!

"ಬಾಯ್ತುಂಬಾ ತಿಂದ್ಲು! ಸೊಪ್ಪು ಮುಟ್ಬೇಡಿ ಅಂದಿದ್ರಲ್ಲ, ಅಷ್ಟು ದಿನ ಒಂದೆಲೆ ಬಾಯಿಗಿಡ್ಲಿಲ್ಲ. ಚೆನ್ನಾಗಿ ಓಡಾಡೋ ಹಾಗಾದ್ಲು. ಅಷ್ಟರಲ್ಲಿ ಮಳೆ ಬಂತು, ಅಪ್ಪ ಟೊಮೇಟೊ ಹೊಲದಿಂದ ಬೆರಕೆ ಸೊಪ್ಪು ತಂದ್ರು. ಅಣ್ಣೆ, ಹೊನಗೊನೆ, ಗಣಿಕೆ... 'ಇನ್ನೆಷ್ಟು ದಿನ ಪಥ್ಯ? ಹುಷಾರಾದ್ಲಲ್ಲ, ಬಿಡ್ಸು' ಅಂದ್ರು. ನಾನೇ ಮಸ್ಸೊಪ್ಪು ಮಾಡಿ ಮುದ್ದೆ ಜೊತೆ ಬಡಿಸ್ದೆ. ಹಬ್ಬದ ಥರ ದಿನಾ ತಿಂದ್ಲು, ಮಳೆ ಬಿಡೋವರೆಗೂ. ಆಮೇಲೆ ಒಂದಿನ ಏದುಸಿರು ಬಂತು... ಆಸ್ಪತ್ರೆ ಸೇರೋಕೆ ಮುಂಚೆನೇ..."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಮರನಾಥ್ ಪೆನ್ನು ಜೇಬಿಗಿಟ್ಟು ತಲೆ ತಗ್ಗಿಸಿದ.

'ಎಷ್ಟು ಮೃದು ಮನಸ್ಸು!' ಎಂದುಕೊಂಡಳು ಹುಚ್ಚು ಹುಡುಗಿ.

ಅವನು ಮತ್ತೆ ಬಂದ. ಮತ್ತೆ ಮತ್ತೆ ಬಂದ. ಅದೇ ಬೀದಿಯ ಕೊನೆಯಲ್ಲಿ ಮುನಿಯಲ್ಲಮ್ಮನಿದ್ದಳು. ಅವಳಿಗೂ ಅದೇ ಆಪರೇಷನ್ ಆಗಿತ್ತು, ಎದೆಯಲ್ಲಿ ಅದೇ ಟಿಕ್ ಟಿಕ್. ಗಡಿಯೂರು ರಾಯಲ್ಪಾಡಿನ ಆ ಮುದುಕಿಗೆ ತೆಲುಗು ಬಿಟ್ಟರೆ ಬೇರೇನೂ ಬಾರದು, ಮಾಸ್ತಿಯ ಡಾಕ್ಟರಿಗೆ ತೆಲುಗು ತಲೆಗೆ ಹತ್ತದು. ಇಬ್ಬರ ನಡುವೆ ಗಂಗಾಳ ಬಾಯಿ ಬೇಕೇಬೇಕು. ಅವಳು ಕೆಲಸಕ್ಕೆ ಹೋಗುತ್ತಿದ್ದ ಶ್ರೀನಿವಾಸಪುರದ ಮಾವಿನ ರಸದ ಫ್ಯಾಕ್ಟರಿಗೆ ರಜೆಯಿದ್ದ ಭಾನುವಾರಗಳೆಲ್ಲ ಹೀಗೇ ಕಳೆದವು.

"ಸೊಪ್ಪು ತಿನ್ಬಾರ್ದು ಅಂತ ಹೇಳು ಗಂಗಾ."

"ಯಾಕೆ ಅಂತ ಕೇಳ್ತಾಳೆ."

"...ಬೇಡ ಅಷ್ಟೇ. ಹಾಗಂತ ಹೇಳು."

ಅವಳು ಹಾಗೇ ಹೇಳಿದಳು. ಅವನ ಬಾಯಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ಮಾವಿನ ತೋಪಿನ ದಾರಿಯಲ್ಲಿ ಬೈಕಿನ ಹಿಂದೆ ಕುಳಿತಾಗ ಅವಳ ಕೈ ತಾನಾಗಿ ಅವನ ಭುಜ ಹುಡುಕುತ್ತಿತ್ತು. ಒಂದು ದಿನ ಆ ಕೈಯನ್ನು ಅವನು ಹಿಡಿದುಕೊಂಡ, ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.

ಆದರೆ ಒಮ್ಮೆ ಆಸೆಯಿಂದ ಅವನಿಗೆ ಮಸ್ಸೊಪ್ಪು ಬಡಿಸಿದಾಗ ಅವನು ತಟ್ಟೆಯನ್ನೇ ನೋಡುತ್ತ ಕುಳಿತ.

"ನನ್ನ ಅಡುಗೆ ಸೇರಲ್ವಾ?"

"ಸೇರುತ್ತೆ... ಇವತ್ತು ಬೇಡ ಗಂಗಾ."

ಅವಳು ಮುನಿಸಿಕೊಂಡು ತಟ್ಟೆ ಎತ್ತಿಟ್ಟಳು. ಮುನಿಸು ಸಂಜೆಯವರೆಗೂ ಉಳಿಯಲಿಲ್ಲ. ಪ್ರೀತಿಯಲ್ಲಿ ಬಿದ್ದವರಿಗೆ ಕಣ್ಣೆದುರಿನದೂ ಕಾಣುವುದಿಲ್ಲ, ಏನು ಮಾಡುವುದು!

ಮುಂದಿನ ಮಳೆಗಾಲ ಬಂತು. ಕೋಲಾರದಲ್ಲಿ ಆರೋಗ್ಯ ಕಾರ್ಯಕರ್ತೆಯರ ಸಭೆ. ಅಮರನಾಥ್ ತನ್ನ ಸಂಶೋಧನೆಯ ಬಗ್ಗೆ ಮಾತಾಡುತ್ತಾನೆಂದು ಅವಳಿಗೆ ತಿಳಿಯಿತು. 'ಹೇಳದೆ ಹೋಗಿ ಬೆರಗುಗೊಳಿಸ್ತೀನಿ' ಎಂದು ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹೊರಟಳು.

ಜಗುಲಿಯ ಮೇಲೆ ಮುನಿಯಲ್ಲಮ್ಮ ಸೊಪ್ಪು ಬಿಡಿಸುತ್ತಿದ್ದಳು. "ಪಥ್ಯಂ ಅಯಿಪೋಯಿಂದಮ್ಮಾ! ಮೀ ನಾಯ್ನ ಇಚ್ಚಿನಾಡು," ಎಂದು ನಕ್ಕಳು. ಪಥ್ಯ ಮುಗಿಯಿತಂತೆ, ಸೊಪ್ಪು ಕೊಟ್ಟದ್ದು ಗಂಗಾಳ ಅಪ್ಪನಂತೆ. ಮಾತಿನ ನಡುವೆ ಮುದುಕಿ ಏದುಸಿರು ಬಿಟ್ಟಳು. ಬಸ್ಸು ಬಂದಿತ್ತು, ಗಂಗಾ ಓಡಿದಳು.

ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಳು. ವೇದಿಕೆಯ ಮೇಲೆ ಅವನು. ಎಷ್ಟು ಚೆಂದ ಕಾಣುತ್ತಾನೆ!

"ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಮಾತ್ರೆ ಕೊಡ್ತೀವಿ. ಸೊಪ್ಪು ಒಮ್ಮೆಲೇ ಜಾಸ್ತಿಯಾದ್ರೆ ಆ ಮಾತ್ರೆ ಕೆಲಸ ಮಾಡಲ್ಲ. ನಾವು 'ಸೊಪ್ಪು ಬೇಡ' ಅಂತೀವಿ, ಜನ ಅದನ್ನ ಪಥ್ಯ ಅಂದ್ಕೋತಾರೆ. ಹುಷಾರಾದ ಮೇಲೆ ಪಥ್ಯ ಬಿಡಿಸ್ತಾರೆ. ಆಂಧ್ರ ಗಡಿಯ ಒಂದು ಹಳ್ಳೀಲಿ ಒಬ್ಬ ತಾಯಿ... ಮಳೆ ಶುರುವಾದ ಮೇಲೆ ದಿನಾ ಬೆರಕೆ ಸೊಪ್ಪು ತಿಂದ್ರು. ರಕ್ತ ಹೆಪ್ಪುಗಟ್ಟಿ ಕವಾಟ ಕಚ್ಕೊಳ್ತು. ಟಿಕ್ ಟಿಕ್ ಸದ್ದು ಮಂಕಾಗಿರುತ್ತೆ, ಯಾರಿಗೂ ಗೊತ್ತಾಗಿರಲ್ಲ..."

ಗಂಗಾಳ ಕಿವಿ ಗುಂಯ್ ಎಂದಿತು. ಅಂದರೆ... ನಾನೇ? ನನ್ನ ಕೈಯಾರೆ...?

ಡಬ್ಬಿ ಕೈಜಾರಿತು. ವೇದಿಕೆಯ ಮೇಲೆ ಮಾತು ನಿಂತುಹೋಯಿತು.

ಹೊರಗೆ ರಸ್ತೆಯಲ್ಲಿ ಅವನು ಓಡಿಬಂದು ಅಡ್ಡ ನಿಂತ.

"ಗಂಗಾ, ಕೇಳು..."

"ಮೊದಲನೇ ದಿನವೇ ಗೊತ್ತಾಯ್ತು ಅಲ್ವಾ?"

"...ಹೂಂ."

"ನಮ್ಮಮ್ಮನ್ನ ನಾನೇ ಸಾಯ್ಸಿದೀನಿ ಅಂತ ಗೊತ್ತಿದ್ದೂ ನನ್ನ ಕೈ ಹಿಡ್ಕೊಂಡ್ರಾ? ಪ್ರೀತಿ ಅಂದ್ಕೊಂಡಿದ್ದೆ ನಾನು! ನಿಮಗೆ ಬೇಕಾಗಿದ್ದು ಒಂದು ಒಳ್ಳೇ ಉದಾಹರಣೆ!"

"ಇಲ್ಲ! ತಪ್ಪು ನಿಂದಲ್ಲ. ಯಾಕೆ ಅಂತ ಬಿಡಿಸಿ ಹೇಳದೆ ಕಳಿಸಿದ ನಮ್ಮದು. ರಕ್ತ ಪರೀಕ್ಷೆಗೂ ಕರೆಸ್ಲಿಲ್ಲ. ಹೇಳಿದ್ರೆ ನೀನು ಒಡೆದುಹೋಗ್ತೀಯ ಅಂತ..."

ಅವಳು ಸಟ್ಟನೆ ತಲೆಯೆತ್ತಿದಳು. ಬೆಳಗಿನ ಜಗುಲಿ ಕಣ್ಣ ಮುಂದೆ ಬಂತು.

"ಮುನಿಯಲ್ಲಮ್ಮಂಗೆ ಯಾಕೆ ಹೇಳ್ಲಿಲ್ಲ?"

"ಅವಳಿಗೆ ಹೇಳ್ಬೇಕು ಅಂದ್ರೆ... ನಿನ್ನ ಬಾಯಿಂದಲೇ ಹೇಳಿಸ್ಬೇಕಿತ್ತು."

"ಅಯ್ಯೋ ಪಾಪಿ! ಅವಳು ಸೊಪ್ಪು ತಿಂತಾ ಇದ್ದಾಳೆ! ಇವತ್ತು ಬೆಳಗ್ಗೆ ಏದುಸಿರು ಬಿಡ್ತಿದ್ಲು!"

ಅವನು ಬಂದಿದ್ದ ಆಸ್ಪತ್ರೆಯ ಕಾರಿನಲ್ಲಿ ಇಬ್ಬರೂ ಹೊರಟರು. ರಾಯಲ್ಪಾಡು ತಲುಪಿದ್ದೇ ಮುನಿಯಲ್ಲಮ್ಮನ ಮನೆಗೆ ಓಡಿದರು. ಮುದುಕಿ ಗೋಡೆಗೊರಗಿ ಬಾಯಲ್ಲಿ ಉಸಿರಾಡುತ್ತಿದ್ದಳು. ಗಂಗಾ ಅವಳ ಎದೆಗೆ ಕಿವಿಯಿಟ್ಟಳು. ಟಿಕ್ ಟಿಕ್ ಇಲ್ಲ! ಬಟ್ಟೆಯಲ್ಲಿ ಸುತ್ತಿಟ್ಟ ಗಡಿಯಾರದ ಹಾಗೆ ಮಂಕು ಸದ್ದು. ಅಮ್ಮನ ಎದೆಯೂ ಕೊನೆಗೆ ಹೀಗೇ ಇತ್ತು... ಅಂದು ಅವಳಿಗೆ ಅರ್ಥವಾಗಿರಲಿಲ್ಲ.

ಮುನಿಯಲ್ಲಮ್ಮ ಉಳಿದಳು. ಆದರೆ ಆಸ್ಪತ್ರೆಯಲ್ಲಿ ಕವಾಟದ ಹೆಪ್ಪು ಕರಗಿಸುವಾಗ ಅದರ ಒಂದು ಚೂರು ಮೆದುಳಿಗೆ ಹೋಯಿತು. ಬಲಗೈ ಮತ್ತೆ ಮೇಲೇಳಲಿಲ್ಲ.

ಮಾವಿನ ಕಾಲ ಮುಗಿದು ಫ್ಯಾಕ್ಟರಿ ಮುಚ್ಚಿತು. ಅಮರನಾಥ್ ಎಷ್ಟು ಸಲ ಫೋನ್ ಮಾಡಿದರೂ ಗಂಗಾ ಎತ್ತಲಿಲ್ಲ. ದಿನಾ ಮಧ್ಯಾಹ್ನ ಹೋಗಿ ಮುದುಕಿಗೆ ತುತ್ತು ಕೊಡುತ್ತಿದ್ದಳು. ಮನೆಗೆ ಬಂದರೆ ಅಪ್ಪ ಮುನಿಕೃಷ್ಣಪ್ಪನ ಅದೇ ಮಾತು: "ನಿಮ್ಮಮ್ಮ ಕೊನೇಗಾಲದಲ್ಲಿ ಬಾಯ್ತುಂಬಾ ತಿಂದ್ಲು ಕಣಮ್ಮ. ಅದೊಂದೇ ಸಮಾಧಾನ ನಂಗೆ."

ಪ್ರತಿಸಲವೂ ಅವಳ ನಾಲಿಗೆಯ ತುದಿಗೆ ನಿಜ ಬರುತ್ತಿತ್ತು. ಅಪ್ಪನ ಮುಖ ನೋಡಿದರೆ ಒಳಗೇ ಸತ್ತುಹೋಗುತ್ತಿತ್ತು.

'ಅವನಿಗೂ ಹೀಗೇ ಆಗಿತ್ತಾ?'

ಆ ಪ್ರಶ್ನೆ ಬಂದ ದಿನ ಅವಳು ಫೋನ್ ಎತ್ತಿದಳು. "ಬನ್ನಿ," ಎಂದಷ್ಟೇ ಹೇಳಿದಳು.

ಅವನು ಬಂದಾಗ ಅವಳು ಮುನಿಯಲ್ಲಮ್ಮನ ಮುಂದೆ ಕುಳಿತು ಮುದ್ದೆಯ ಸಣ್ಣ ತುತ್ತನ್ನು ಮಸ್ಸೊಪ್ಪಿನಲ್ಲಿ ಅದ್ದುತ್ತಿದ್ದಳು. ಅವನು ಗಾಬರಿಯಾದ.

"ಸೌಟಿನ ತುದಿಯಷ್ಟು, ದಿನಾ ಇಷ್ಟೇ, ಅಳತೆ ತಪ್ಪಲ್ಲ. ನಿಮ್ಮ ಆಸ್ಪತ್ರೆ ಡಾಕ್ಟ್ರನ್ನೇ ಕೇಳಿದೀನಿ. ರಕ್ತ ಪರೀಕ್ಷೆನೂ ಮಾಡಿಸ್ತಿದೀನಿ," ಎಂದಳು ತಿರುಗಿ ನೋಡದೆ. "ಬಿಡಿಸಿ ಹೇಳಿದ್ರೆ ನಮಗೂ ಅರ್ಥ ಆಗುತ್ತೆ ಸಾರ್."

ಆ 'ಸಾರ್' ಅವನ ಎದೆಗೆ ನಾಟಿತು. ಅವಳ ಪಕ್ಕ ನೆಲದ ಮೇಲೆ ಕುಳಿತ.

"ನಿನ್ನ ಮುಖ ಬಾಡೋದು ನೋಡಕ್ಕಾಗದೆ ಸುಮ್ಮನಿದ್ದೆ ಗಂಗಾ. ಅದನ್ನೇ ಪ್ರೀತಿ ಅಂದ್ಕೊಂಡೆ. ಅದು ಹೇಡಿತನ. ಈ ಕೈ ನನ್ನಿಂದ ಹೋಯ್ತು." ಮುದುಕಿಯ ಬಲಗೈ ಹಿಡಿದು ಅವನು ಅತ್ತೇಬಿಟ್ಟ.

ಮುನಿಯಲ್ಲಮ್ಮ ಎಡಗೈಯಿಂದ ಅವನ ತಲೆ ಸವರಿದಳು. ಅವಳಿಗೆ ಮಾತೂ ಈಗ ಸರಿಯಾಗಿ ಹೊರಡುತ್ತಿರಲಿಲ್ಲ.

"ಅತ್ರೆ ನಮ್ಮಮ್ಮ ಬರಲ್ಲ, ಈ ಕೈನೂ ಏಳಲ್ಲ," ಎಂದಳು ಗಂಗಾ. "ನನ್ನ ಕೋಪ ಇನ್ನೂ ಹೋಗಿಲ್ಲ. ಆದ್ರೆ... ಅಪ್ಪಂಗೆ ಇವತ್ತಿಗೂ ನಾನು ನಿಜ ಹೇಳಿಲ್ಲ. ಬಾಯೇ ಬರ್ತಿಲ್ಲ ಅಮರ್. ನೀವು ಯಾಕೆ ಸುಮ್ಮನಿದ್ರಿ ಅಂತ ಆಗ ಗೊತ್ತಾಯ್ತು. ಸುಮ್ಮನಿದ್ರೆ ಏನಾಗುತ್ತೆ ಅಂತಾನೂ ನೋಡಿದೀನಿ. ನಾಳೆ ಅಪ್ಪ ಇನ್ಯಾರದೋ ಪಥ್ಯ ಬಿಡಿಸ್ತಾರೆ."

ಅವಳು ಎದ್ದು ಒಂದು ತಟ್ಟೆ ತಂದು ಅವನ ಮುಂದಿಟ್ಟಳು. ಮುದ್ದೆ, ಮಸ್ಸೊಪ್ಪು. ಈ ಸಲ ಅವನು ಬೇಡ ಎನ್ನಲಿಲ್ಲ. ಕಣ್ಣೀರು ಸುರಿಸುತ್ತಲೇ ಪೂರ್ತಿ ಉಂಡ.

"ಇನ್ಮೇಲೆ ನನ್ನಿಂದ ಏನಾದ್ರೂ ಮುಚ್ಚಿಟ್ರೆ?"

"ಮುಚ್ಚಿಡಲ್ಲ."

"ನನ್ನ ಎದೆ ಒಡೆಯೋ ಮಾತಾದ್ರೂ?"

"ಅದನ್ನೇ ಮೊದಲು ಹೇಳ್ತೀನಿ. ಹೇಳಿ, ನಿನ್ನ ಪಕ್ಕದಲ್ಲೇ ಕೂತಿರ್ತೀನಿ. ಜೀವ ಇರೋವರೆಗೂ... ಒಪ್ತೀಯಾ?"

ಅವಳು ಬಾಗಿಲಾಚೆ ನೋಡಿದಳು. ದೂರದಲ್ಲಿ ಅಪ್ಪ ಹೊಲದಿಂದ ಬರುತ್ತಿದ್ದುದು ಕಾಣಿಸಿತು. ಪಂಚೆಯ ಮಡಿಲಲ್ಲಿ ಹಸಿರು ಸೊಪ್ಪು, ಮುಖದ ತುಂಬ ನಗು.

ಗಂಗಾ ಅಮರನಾಥನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಏಳಿ," ಎಂದಳು. "ಇಬ್ರೂ ಸೇರಿ ಹೇಳೋಣ."