ಎಂಟನೆಯ ಮನೆಯ ಮೊಹರು

"ಕೊನೇ ಮನೆಗೆ ಮಾತ್ರ ಒಯ್ಬೇಡ. ಕಾಗದದಲ್ಲಿ ಹೆಸರಿದ್ರೂ ಒಯ್ಬೇಡ. ನಿನ್ನ ಮೊಹರು ಒತ್ತು, ಸೀದಾ ನನಗೇ ವಾಪಸ್ ತಂದ್ಕೊಡು."

ಪಕ್ಕದ ಮನೆಯ ಹತಾನೊ ಅಜ್ಜಿ ಸುತ್ತೋಲೆಯ ಹಲಗೆಯನ್ನು ಮಿಜುಯೆಯ ಕೈಗಿಟ್ಟಳು. ಇಟ್ಟ ಮೇಲೂ ಹಿಡಿತ ಸಡಿಲಿಸಲಿಲ್ಲ. ಹಲಗೆಗೆ ಸಿಕ್ಕಿಸಿದ ಕಾಗದದಲ್ಲಿ ಕರಡಿ ಓಡಾಡುತ್ತಿರುವ ಸುದ್ದಿ, ಕಸದ ಗಾಡಿ ಬರುವ ದಿನ. ಕೆಳಗೆ ಬೀದಿಯ ಎಂಟು ಮನೆಗಳ ಹೆಸರು, ಹೆಸರಿಗೊಂದು ಚೌಕ. ಓದಿದವರು ತಮ್ಮ ಚೌಕದಲ್ಲಿ ಕೆಂಪು ಮೊಹರು ಒತ್ತಿ ಪಕ್ಕದ ಮನೆಗೆ ದಾಟಿಸಬೇಕು. ಏಳನೆಯ ಮನೆ ಮಿಜುಯೆಯದು. ಎಂಟನೆಯದು, ದೇವದಾರುಗಳ ಕತ್ತಲಲ್ಲಿ ಕುಸಿದು ಕೂತ ಕುಜೆ ಮನೆ.

"ಹೆಸರು ಹೊಡೆದುಹಾಕಿ ಅಜ್ಜಿ, ಯಾಕೆ ಈ ರಗಳೆ?"

"ಹೊಡೆದುಹಾಕಿದ್ವಿ. ಮುಂದಿನ ತಿಂಗಳು ತಾನಾಗೇ ಬಂತು."

ನಲವತ್ತು ವರ್ಷದ ಹಿಂದೆ, ಕಾಲುವೆ ನೀರಿನ ಜಗಳದಲ್ಲಿ, ಬೀದಿಯವರೆಲ್ಲ ಸೇರಿ ವಿಧವೆ ಕುಜೆ ತೊಯೊಳಿಗೆ ಬಹಿಷ್ಕಾರ ಹಾಕಿದ್ದರು. ಅವಳೊಂದಿಗೆ ಮಾತಿಲ್ಲ, ಅವಳ ಬಾಗಿಲಿಗೆ ಹಲಗೆಯಿಲ್ಲ. ಆ ಚಳಿಗಾಲ ಅವಳು ತನ್ನ ಕೂದಲು ಕತ್ತರಿಸಿ, ಮೊಳೆಗೆ ಸುತ್ತಿ, ಹಿತ್ತಲಿನ ದೇವದಾರಿಗೆ ಹೊಡೆದಳು. ನನ್ನ ಬಾಗಿಲಿಗೆ ಬಂದವರು ನನ್ನ ಹಾಗೇ ಆಗಲಿ ಎಂದು ಶಪಿಸಿ, ಒಬ್ಬಳೇ ಸತ್ತಳು.

"ಹಿಮ ಕರಗಿದ ಮೇಲೆ ನೋಡ್ಕೊಂಡು ಬರೋಕೆ ನಮ್ಮನೆಯಿಂದ ಯಾರೋ ಹೋದ್ರು," ಅಜ್ಜಿಯ ದನಿ ಇಳಿಯಿತು. "ಯಾರು ಅಂತ ನನಗೆ ಗೊತ್ತಿಲ್ಲ ಕಣೆ. ಚಪ್ಪಲಿ ಗೂಡಲ್ಲಿ ಒಂದು ಜೊತೆ ಗಂಡಸಿನ ಬೂಟು ಇವೆ. ಯಾರವು ಅಂತ ದಿನಾ ನೋಡ್ತೀನಿ."

ಮಿಜುಯೆ ನಕ್ಕುಬಿಟ್ಟಳು. "ಸತ್ತೋರಿಗೂ ಬಹಿಷ್ಕಾರಾನಾ? ನಿಮ್ಮೂರಿನ ಹಟ ಭಾರಿ ಗಟ್ಟಿ ಬಿಡಿ."

ನಗುವಿನ ಅಡಿಯಲ್ಲಿ ಸಿಟ್ಟಿತ್ತು. ಗಂಡ ಸತ್ತ ಮೇಲೆ, ಖಾಲಿಯಾಗುತ್ತಿರುವ ಹಳ್ಳಿಗೆ ಬಂದವರಿಗೆ ಪುಕ್ಕಟೆ ಮನೆ ಕೊಡುತ್ತಾರೆಂದು ಮಗಳನ್ನು ಕಟ್ಟಿಕೊಂಡು ಈ ಒಕುಶಿರಾಕ್ಕೆ ಬಂದು ಎಂಟು ತಿಂಗಳಾಗಿತ್ತು. ಈ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ತನ್ನ ಬಾಗಿಲನ್ನು ಬಿಟ್ಟು ಜನ ಮುಂದೆ ಹೋಗುವುದೆಂದರೇನೆಂದು ಅವಳಿಗೆ ಗೊತ್ತಿತ್ತು.

ಮಾರನೆಯ ಮಧ್ಯಾಹ್ನ ವೃದ್ಧಾಶ್ರಮದ ಕೆಲಸ ಮುಗಿಸಿ ಬಂದವಳಿಗೆ ಎದ್ದು ನಿಲ್ಲಲೂ ತ್ರಾಣವಿರಲಿಲ್ಲ. ಆರು ವರ್ಷದ ಕೊಹಾರು ಶಾಲೆಯ ಹಳದಿ ಟೋಪಿ ಹಿಡಿದು ಬಂದಳು.

"ಅಮ್ಮಾ, ಲಾಡಿ ಕಿತ್ತೋಗಿದೆ. ಹೊಲಿದ್ಕೊಡ್ತೀನಿ ಅಂದಿದ್ದೆ."

"ಆಮೇಲೆ, ಚಿನ್ನ. ಮೊದ್ಲು ಈ ಹಲಗೆ ಆ ಕೊನೇ ಮನೆ ಗೇಟಿಗೆ ಸಿಕ್ಕಿಸಿ ಬಾ. ಓಡು."

ಕೊಹಾರು ಹೋದಳು, ಬಂದಳು. ಕಿವಿಯ ಹತ್ತಿರ ಒಂದು ಜೊಂಪೆ ಕೂದಲಿರಲಿಲ್ಲ. ಕೊಂಬೆಗೆ ಸಿಕ್ಕಿಕೊಂಡಿತು ಎಂದಳು.

ಬೆಳಗ್ಗೆ ಹಲಗೆ ಮಿಜುಯೆಯ ಬಾಗಿಲಲ್ಲೇ ತೂಗುತ್ತಿತ್ತು. ಎಂಟನೆಯ ಚೌಕದಲ್ಲಿ ಕುಜೆ ಎಂಬ ಮೊಹರು. ಒದ್ದೆ. ಮುಟ್ಟಿದರೆ ಬೆರಳಿಗೆ ಅಂಟಿತು. ದೇವದಾರಿನ ಅಂಟಿನ ವಾಸನೆ ಮೂಗಿಗಡರಿತು.

ಅಂದು ಶಾಲೆಯ ಬಸ್ಸು ಕೊಹಾರುವಿನ ಮುಂದೆ ನಿಲ್ಲದೆ ಹೋಯಿತು. ಮಿಜುಯೆ ತಾನೇ ಕರೆದೊಯ್ದಳು. ಟೀಚರು ಹಾಜರಿಯಲ್ಲಿ ಆ ಹೆಸರನ್ನು ಹಾರಿಸಿದರು. ಊಟಕ್ಕೆ ಒಂದು ತಟ್ಟೆ ಕಡಿಮೆ ಬಂತು. ಮಿಜುಯೆ ಕೇಳಿದರೆ ಟೀಚರು ಬೆರಗಾದರು. "ಯಾವ ಮಗು ಅಮ್ಮಾ? ನೀವೊಬ್ರೇ ತಾನೆ ಬಂದಿರೋದು?" ಅಮ್ಮನ ಕೋಟಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕೊಹಾರು ಪಕ್ಕದಲ್ಲೇ ನಿಂತಿದ್ದಳು.

ಬೀದಿಯಲ್ಲಿ ಹತಾನೊ ಅಜ್ಜಿ ಮಗುವಿನಾಚೆಗೆ ಕಣ್ಣು ಹಾಯಿಸಿದಳು. ಮಿಜುಯೆಯ ಬೆರಳಿನ ಕೆಂಪು ನೋಡಿ ಮುಖ ಬಿಳಿಚಿತು.

"ಯಾರನ್ನ ಕಳಿಸ್ದೆ? ಒಬ್ಬಳೇ ಇರೋ ಹೆಂಗಸು, ಯಾರನ್ನ ಕಳಿಸ್ದೆ ನೀನು?"

ಎರಡನೆಯ ದಿನ ಸಂಜೆ ಮಿಜುಯೆ ಅನ್ನ ಬಡಿಸಿದಳು. ಮಿಸೊ ಸಾರು ಬಿಸಿ ಮಾಡಿದಳು. ಕೂತು ತಿನ್ನತೊಡಗಿದಳು. ಎದುರಿನಿಂದ ಸಣ್ಣದೊಂದು ದನಿ ಬಂತು.

"ಅಮ್ಮಾ, ನಂಗೆ?"

ಮೇಜಿನ ಮೇಲೆ ಒಂದೇ ಬಟ್ಟಲಿತ್ತು.

ತಾನೇ ಇಟ್ಟದ್ದು. ತಾನೇ ಮರೆತದ್ದು. ಚಾಪ್‌ಸ್ಟಿಕ್ ಕೈಜಾರಿತು. ಇವಳ ಹೆಸರೇನು? ನಾಲಿಗೆಯ ತುದಿಯಲ್ಲಿತ್ತು. ಬರಲಿಲ್ಲ. ಕೊ... ಕೊಹಾರು. ಕೊಹಾರು. ಕೊಹಾರು! ಅದನ್ನೇ ಕೂಗಿಕೊಳ್ಳುತ್ತ, ಸುತ್ತಿಗೆ ಕತ್ತರಿ ಎತ್ತಿಕೊಂಡು ಅವಳು ಓಡಿದಳು.

ಕುಜೆ ಹಿತ್ತಲಿನಲ್ಲಿ ಹಕ್ಕಿಯೂ ಉಲಿಯುತ್ತಿರಲಿಲ್ಲ. ಕೊಳೆತ ಎಲೆ, ಮರದಂಟು, ಹಳೆಯ ಹೊಗೆಯ ವಾಸನೆ. ದೇವದಾರಿನ ಕಾಂಡದಲ್ಲಿ ಎರಡು ತುಕ್ಕು ಮೊಳೆಗಳು. ಕೆಳಗೆ ಮೂರನೆಯದು, ಹೊಸದು, ಮಗುವಿನ ಎತ್ತರಕ್ಕೆ. ಅದಕ್ಕೆ ಸುತ್ತಿದ್ದು ಮೆತ್ತನೆಯ ಕೂದಲು.

ಕಿತ್ತಳು. ಎರಡು ಹೆಜ್ಜೆ ನಡೆದಳು. ಹಿಂದೆ ಟಕ್ ಎಂದಿತು. ತಿರುಗಿದರೆ ಮೊಳೆ ಅಲ್ಲೇ ಇತ್ತು. ಮತ್ತೆ ಕಿತ್ತಳು. ಟಕ್. ಮತ್ತೆ. ಟಕ್. ಉಗುರು ಹರಿಯಿತು. ಹೆಸರು ಮತ್ತೆ ಜಾರುತ್ತಿತ್ತು. ಕೊ... ಕೊ... ಆ ತೂತಿಗೆ ಯಾರಾದರೂ ಬೇಕಿತ್ತು.

ಮಿಜುಯೆ ಕತ್ತರಿ ತೆಗೆದಳು. ತನ್ನ ಜಡೆ ಕತ್ತರಿಸಿದಳು. ಮಗುವಿನ ಕೂದಲು ಬಿಚ್ಚಿ, ತನ್ನದನ್ನು ಸುತ್ತಿ, ಹೊಡೆದಳು. ಒಂದು ಏಟು. ಎರಡು. ಮೂರು. ಮೊಳೆ ನಿಂತಿತು.

ಬೀದಿಗಿಳಿದಾಗ ಹತಾನೊ ಅಜ್ಜಿಯ ಜಗಲಿಯಲ್ಲಿ ಕೊಹಾರು ಅನ್ನದುಂಡೆ ತಿನ್ನುತ್ತಿದ್ದಳು. "ಯಾರ ಮಗು ನೀನು? ಹಸಿದ ಕರಡಿ ಥರ ತಿಂತೀಯಲ್ಲೆ!" ಅಜ್ಜಿ ನಗುತ್ತಿದ್ದಳು. ಮಿಜುಯೆ ಕರೆದಳು. ಹತ್ತಿರ ಹೋಗಿ ಕರೆದಳು. ಮಗಳು ಬೆರಳು ನೆಕ್ಕುತ್ತ ಅವಳಾಚೆಗಿನ ಗುಡ್ಡ ನೋಡಿದಳು.

ಈಗ ಅಜ್ಜಿಯ ಮನೆಯಲ್ಲೇ ಇರುವ ಕೊಹಾರುವೇ ಹಲಗೆಯನ್ನು ಹಂಚುತ್ತಾಳೆ. ಆರನೆಯ ಮನೆ ಮುಗಿಸಿ, ಏಳನೆಯ ಗೇಟಿನ ಮುಂದೆ ಕ್ಷಣ ನಿಂತು, ಹಿಂದಿರುಗುತ್ತಾಳೆ. ಕಿತ್ತ ಲಾಡಿಯ ಟೋಪಿಯನ್ನು ಕಟ್ಟೆಯ ಮೇಲೆ ಬಿಟ್ಟು ಆಡುತ್ತಾಳೆ. ಒಂದು ಸಂಜೆ ಎತ್ತಿಕೊಂಡಾಗ ಲಾಡಿ ಹೊಲಿದಾಗಿತ್ತು. ಒತ್ತೊತ್ತಾದ, ನೀಟಾದ ಹೊಲಿಗೆ.

"ಅಜ್ಜೀ, ನೋಡು! ಯಾರೋ ಹೊಲಿದಿದಾರೆ!"

ಅಜ್ಜಿ ಟೋಪಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಏಳನೆಯ ಮನೆಯತ್ತ ನೋಡಿದಳು. ಒಳಗಿಂದ ಕತ್ತರಿ ತಂದಳು.

"ಬಿಟ್ಟ ಮನೇದು ಏನೂ ಇಟ್ಕೋಬಾರ್ದು, ಮಗಾ."

ಒಂದೊಂದೇ ಹೊಲಿಗೆ ಕತ್ತರಿಸಿ ರಸ್ತೆಗೆಸೆದು, ಮಗುವನ್ನು ಒಳಗೆ ಕರೆದು ಬಾಗಿಲು ಎಳೆದು ಮುಚ್ಚಿದಳು. ಮಿಜುಯೆ ಮಂಡಿಯೂರಿ, ಕಪ್ಪು ದಾರದ ತುಣುಕುಗಳನ್ನು ಒಂದೊಂದಾಗಿ ಆರಿಸಿಕೊಂಡಳು.