ಮುನ್ಷಿ ಮನೆಯ ಹಸಿರು ಕೈಪಂಪು

"ಆಪಾ, ಮುನ್ಷಿ ಮನೆ ಪಂಪಿನ ವಿಷ ಹೋಯ್ತಂತೆ, ನಿಜಾನಾ?" ಬಸುರಿ ಮೊಯ್ನಾ ಏದುಸಿರು ಬಿಡುತ್ತ ನಮ್ಮ ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಂತಿದ್ದಳು. "ಕೆಂಪು ಹೋಗಿ ಹಸಿರಾಗಿದೆ. ಎಂಟು ದಿನದಿಂದ ಅದೇ ನೀರು ಕುಡೀತಿದೀನಿ."

ನಾವೆಲ್ಲ ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದ ಮನೊವಾರಾ ಚಹಾ ಕೆಳಗಿಟ್ಟರು. ಚಾಂದ್‌ಪುರದ ಹಳ್ಳಿಗಳಲ್ಲಿ ನೀರಿನಲ್ಲಿ ಆರ್ಸೆನಿಕ್ ವಿಷ ಸಿಕ್ಕ ಪಂಪಿಗೆ ಕೆಂಪು, ಸಿಗದ ಪಂಪಿಗೆ ಹಸಿರು ಬಳಿಯುತ್ತಿದ್ದವರು ಆಪಾ ಮತ್ತು ನಾನು ಇಬ್ಬರೇ. ಈ ಹಸಿರು ನಮ್ಮದಾಗಿರಲಿಲ್ಲ.

ಕೂಡಲೇ ಮುನ್ಷಿ ಮನೆಗೆ ಹೋದೆವು. ಅವನ ಮಗಳು ನಜ್ಮಾ ನಮಗೆ ಪಂಪು ಒತ್ತಿಕೊಟ್ಟಳು. ಅವಳ ಅಜ್ಜಿ ಅಂಬಿಯಾ ಸೆರಗಿನೊಳಗಿಂದ ಎಡಗೈ ಚಾಚಿ, "ಎಲೆಅಡಿಕೆ ತಗೋ ಮಗಳೇ" ಎಂದರು. ಆಪಾ ನೀರಿಗೆ ಪುಡಿ ಹಾಕಿ, ಬಾಟಲಿಯ ಬಾಯಿಗೆ ಕಾಗದ ಕಟ್ಟಿದರು. ಒಳಗೆ ಎದ್ದ ಅನಿಲ ತಾಗಿ ಕಾಗದ ಹಳದಿಯಾಯಿತು, ನೋಡನೋಡುತ್ತ ಕಂದುಬಣ್ಣಕ್ಕೆ ತಿರುಗಿತು: ವಿಷ ಹಾಗೇ ಇತ್ತು.

ಅಂಗಳದಲ್ಲಿ ಜನ ಸೇರಿದರು. ಹಿಂದಿನ ದಿನವಷ್ಟೇ ಢಾಕಾದಿಂದ ಮರಳಿದ್ದ ಮುನ್ಷಿ, ದೋಣಿಗೆ ಬಣ್ಣ ಬಳಿಯುವ ಲೋಕ್‌ಮಾನನ ಕೊರಳಪಟ್ಟಿ ಹಿಡಿದ. "ಹಸಿರು ಡಬ್ಬ ಇರೋದು ನಿನ್ ಹತ್ರಾನೇ ಕಣೋ!"

"ನಿಮ್ಮನೆ ಬಾಗಿಲಿಗೇ ಬಳಿದೆ. ಉಳಿದದ್ದು ಇಲ್ಲೇ ಬಿಟ್ಟು ಹೋದೆ!"

"ಬಿಡಿ ಅವನನ್ನ," ಎಂದರು ಆಪಾ. "ಪಂಪಿನ ಬಣ್ಣದ ಮೇಲೆ ಬಟ್ಟೆಯ ನೇಯ್ಗೆಯ ಗುರುತು ಮೂಡಿದೆ. ಕುಂಚ ಇರೋನು ಚಿಂದಿ ಯಾಕೆ ಹಿಡೀತಾನೆ? ಡಬ್ಬ ಈ ಮನೇಲಿತ್ತು. ಮುನ್ಷಿ ಊರಲ್ಲಿರಲಿಲ್ಲ. ನಜ್ಮಾ ಕೈ ಈಗಷ್ಟೇ ನೋಡಿದೆ, ಉಗುರು ಶುಭ್ರ. ಇನ್ನು ಎಡಗೈಲಿ ಕೊಟ್ಟ ಮಕ್ಕಳನ್ನ ಗದರೋ ಹಿರಿಯರು, ನನಗೆ ಎಡಗೈಲಿ ಎಲೆ ಕೊಟ್ಟರು. ಅಂಬಿಯಾ ಚಾಚೀ, ಬಲಗೈ ತೋರಿಸಿ."

ಅಂಬಿಯಾ ಸೆರಗು ಸರಿಸಿದರು. ಉಗುರುಗಳ ಸಂದಿನಲ್ಲಿ ಹಸಿರು ಉಳಿದಿತ್ತು.

"ಕೆಂಪು ಪಂಪಿನ ಮನೆ ಹುಡುಗಿ ರೋಗದವಳು ಅಂತ ಎರಡು ಸಂಬಂಧ ತಪ್ಪಿಹೋಯ್ತು. ಹೋದ ವಾರ ಬಂದ ಗಂಡಿನ ಕಡೆಯವರು ಹೋದ ಕೂಡಲೇ ಮತ್ತೆ ಕೆಂಪು ಬಳಿಯೋಣ ಅಂದ್ಕೊಂಡೆ. ಅಷ್ಟರಲ್ಲಿ ಊರೋರು ಕೊಡ ಹಿಡಿದು ಬಂದ್ರು. ನಿಜ ಹೇಳೋಕೆ ಬಾಯೇ ಬರಲಿಲ್ಲ."

"ನನ್ನ ಮಗೂಗೆ?" ಎಂದಳು ಮೊಯ್ನಾ.

"ಈ ವಿಷ ವರ್ಷಗಟ್ಟಲೆ ಸೇರಿ ಹೊಡೆಯುವಂಥದ್ದು. ಇವತ್ತೇ ನಿಲ್ಲಿಸು. ನಾಳೆ ಡಾಕ್ಟರ ಹತ್ರ ಹೋಗೋಣ." ಏನೂ ಆಗುವುದಿಲ್ಲ ಎಂದು ಆಪಾ ಹೇಳಲಿಲ್ಲ.

ನಜ್ಮಾ ಅಪ್ಪನ ಮೊಬೈಲು ಕಸಿದುಕೊಂಡು ಗಂಡಿಗೇ ಕರೆ ಮಾಡಿದಳು. "ನಮ್ಮ ಪಂಪಿನ ನೀರು ವಿಷ. ನಿಮಗೆ ಸುಳ್ಳು ತೋರಿಸಿದ್ವಿ. ಬೇಡ ಅಂದ್ರೆ ಈಗಲೇ ಹೇಳಿಬಿಡಿ."

ಆ ಹುಡುಗನ ಗಾಬರಿಯ ದನಿ ನಮಗೆಲ್ಲ ಕೇಳಿಸಿತು: "ಹಾಗಾದ್ರೆ ನೀವೆಲ್ಲ ಇಷ್ಟು ದಿನ ಯಾವ ನೀರು ಕುಡೀತಿದ್ರಿ?"

ಅಲ್ಲಿಯವರೆಗೂ ಗಟ್ಟಿಯಾಗಿ ನಿಂತಿದ್ದ ನಜ್ಮಾ ನೆಲಕ್ಕೆ ಕುಸಿದು ಅತ್ತುಬಿಟ್ಟಳು.