ಬಳಚು ಹೆಕ್ಕುವುದಕ್ಕೆ ಹತ್ತೇ ಲೆವೆಲ್

ಗುರುದತ್ತ ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದಾಗ ದೀಪಿಕಾ ನಗುತ್ತಿದ್ದಳು. ಓದಿದ ಮೇಲೆ ನಗು ನಿಂತಿತು.

ಕುಮಟಾ ಪೇಟೆಯ ಮಹಡಿ ಕೋಣೆಯಲ್ಲಿ ಇಬ್ಬರೂ ಎರಡು ವರ್ಷದಿಂದ ಒಂದು ಮೊಬೈಲ್ ಗೇಮ್ ಕಟ್ಟುತ್ತಿದ್ದರು. ಅದರಲ್ಲೊಂದು ಹೊಳೆದಂಡೆಯ ಊರು. ಆಡುವವರು ಕಸುಬು ಕಲಿಯುತ್ತ ಬೆಳೆಯಬೇಕು. ಚಿತ್ರ ಅವಳದು, ನಿಯಮ ಅವನದು. ಹಳದೀಪುರದಿಂದ ಅವನ ಮನೆಯವರು ಮುಂದಿನ ತಿಂಗಳು ಅವಳನ್ನು ಮದುವೆಗೆ ಕೇಳಲು ಅವಳ ಊರು ಕಾಗಾಲಕ್ಕೆ ಬರುವವರಿದ್ದರು.

ಪರದೆಯ ಮೇಲಿದ್ದ ಅವನ ಪಟ್ಟಿಯಲ್ಲಿ ದೋಣಿ ನಡೆಸುವುದಕ್ಕೆ ನೂರು ಲೆವೆಲ್. ಕತ್ತಿವರಸೆಗೆ ನೂರು. ಹೊಳೆಯ ಕೆಸರಿನಿಂದ ಬಳಚು, ಅಂದರೆ ತಿನ್ನುವ ಚಿಪ್ಪು, ಹೆಕ್ಕುವುದಕ್ಕೆ ಹತ್ತು.

“ಇದೆಂತ?”

“ಸುಲಭದ ಕೆಲಸ ಅಲ್ವಾ? ಅದ್ರಲ್ಲಿ ಪರಿಣತಿ ಅಂತ ಎಂತ ಇಡೂದು?”

ಅವಳ ಅಮ್ಮ ಗಂಗಿ ಬಳಚು ಹೆಕ್ಕಿಯೇ ಅವಳನ್ನು ಓದಿಸಿದ್ದಳು. ದೀಪಿಕಾಳ ಕಿವಿ ಬಿಸಿಯಾಯಿತು. ನಾಳೆ ನೀರಿಳಿತದ ಹೊತ್ತಿಗೆ ಹೊಳೆಗೆ ಬಾ ಎಂದಷ್ಟೇ ಹೇಳಿ ಎದ್ದುಹೋದಳು.

ಮರುದಿನ ಮೊಣಕಾಲುದ್ದ ನೀರಿನಲ್ಲಿ ಗಂಗಿ ಪಾದದಿಂದಲೇ ಕೆಸರು ತಡವಿ, ಬಗ್ಗಿದಲ್ಲೆಲ್ಲ ಬಳಚು ತೆಗೆದಳು. ಎರಡು ತಾಸಿನಲ್ಲಿ ಅವಳ ಬುಟ್ಟಿ ತುಂಬಿತು. ಜೊತೆಗೆ ಇಳಿದ ಗುರುದತ್ತನಿಗೆ ಸಿಕ್ಕಿದ್ದು ಒಂದು ಹಿಡಿ ಖಾಲಿ ಚಿಪ್ಪು, ಅಂಗಾಲಿಗೊಂದು ಗಾಯ. ಪಾಪ ಅನಿಸಿತು, ಅನಿಸಿದ್ದಕ್ಕೆ ದೀಪಿಕಾಳ ಸಿಟ್ಟು ಇನ್ನೂ ಏರಿತು.

“ನನ್ನ ಅಮ್ಮಂಗೆ ಹತ್ತು ಕೊಟ್ಟವ ನಂಗೆ ಎಷ್ಟು ಕೊಡ್ತೆ? ನಿಮ್ಮ ಮನೆಯವರಿಗೆ ಬರೂದು ಬೇಡ ಅಂತ ಹೇಳು.”

ಆದರೂ ಅವನು ಮತ್ತೆ ಆರು ದಿನ ಹೊಳೆಗೆ ಬಂದ. ಗಂಗಿ ಬೈಯುತ್ತಲೇ ಕಲಿಸಿದಳು. ದೀಪಿಕಾ ದಂಡೆಯಲ್ಲಿ ಮುಖ ಗಂಟಿಕ್ಕಿ ಕೂತಳು. ಬಿಸಿಲಿಗೆ ಕೆಂಪಾದ ಅವನ ಕತ್ತು ಕಣ್ಣಿಗೆ ಬೀಳುತ್ತಿತ್ತು. ಅವನು ತಲೆಯೆತ್ತಿದರೆ ಮುಖ ತಿರುಗಿಸುವಳು, ಪ್ರತಿ ಸಲವೂ ಸ್ವಲ್ಪ ತಡವಾಗಿ.

ಏಳನೇ ದಿನ ಅವನು ಹೊಸ ನಿಯಮ ತೋರಿಸಿದ. ಬಳಚಿನ ವಿದ್ಯೆಗೆ ಈಗ ಮೂರು ಕವಲು: ಪಾದದಿಂದ ಜಾಗ ಗುರುತಿಸುವುದು, ಇಳಿತ ಓದುವುದು, ಮರಿ ಬಿಟ್ಟು ಹೆಕ್ಕುವುದು. ಪಾಯಿಂಟ್ ಕೊಟ್ಟು ಕೊಳ್ಳುವಂತಿಲ್ಲ, ಮಾಡಿಯೇ ಬೆಳೆಯಬೇಕು. ಆಟದಲ್ಲಿ ದೋಣಿಯ ಕಸುಬು ಆರಿಸಿಕೊಂಡವನು ಇದರ ತುದಿ ಮುಟ್ಟಲಾರ.

“ನಾ ಮಾಡದೇ ಸುಲಭ ಅಂದೆ. ತಪ್ಪಾತು,” ಅಂದ. “ನಿನ್ನ ಬಿಟ್ಟು ನಂಗೆ ಆಗೂದಿಲ್ಲ ದೀಪಿಕಾ.”

ಅವಳು ಪೂರ್ತಿ ಓದಿದಳು. ಮರಿ ಬಿಟ್ಟವರಿಗೆ ಆ ದಿನದ ಅಂಕ ಕಡಿಮೆಯಾಗುತ್ತಿತ್ತು. ಅದು ತಪ್ಪು, ಹೆಚ್ಚಾಗಬೇಕು ಅಂದಳು.

“ನೀನೇ ತಿದ್ದು. ಇನ್ನು ನಿಯಮ ಇಬ್ಬರದೂ.”

“ನನ್ನ ಸಿಟ್ಟು ಇನ್ನೂ ಹೋಗ್ಲಿಲ್ಲ.”

“ಇರ್ಲಿ.”

ಅವಳು ತಿದ್ದುತ್ತ, ತಲೆಯೆತ್ತದೆ ಹೇಳಿದಳು: “ನಿಮ್ಮ ಮನೆಯವರಿಗೆ ಭರತ ಏರಿ ಹೊಳೆ ತುಂಬಿದ ಹೊತ್ತು ನೋಡ್ಕಂಡು ಬರೂಕೆ ಹೇಳು. ಇಳಿತಕ್ಕೆ ಬಂದ್ರೆ ಅಮ್ಮ ಹೊಳೇಲಿರ್ತಾಳೆ.”